ಪರದೇಶವಾಸವೂ ಗೆಳೆತನವೂ

ನಮ್ಮ ಕಾಲೇಜಿನ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ 'ಹೊರದೇಶದ ವರ'ನ ಪ್ರಸ್ತಾಪ ಬಾರದೆ ಇರುವುದಿಲ್ಲ. ಆತನಿಗೆ ಸಂಬಳವೆಷ್ಟು, ಸ್ವಂತ ಮನೆಯುಂಟೇ, ಅಲ್ಲಿ ಹಿಮ ಬೀಳುತ್ತದೆಯೇ, ತೊಗರಿಬೇಳೆ ಸಿಗುತ್ತದೆಯೇ - ಹೀಗೆ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಹಿರಿಯರು ಕೇಳುವುದೂ ಇವನ್ನೇ. ಆದರೆ ಗಂಡನು ಬೆಳಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಟುಹೋದ ಮೇಲೆ, ಪಾತ್ರೆ ತೊಳೆದು ಬಟ್ಟೆ ಒಣಹಾಕಿದ ಮೇಲೆ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆ ಹುಡುಗಿ ಯಾರೊಡನೆ ಮಾತನಾಡಬೇಕು ಎಂಬುದನ್ನು ಮಾತ್ರ ಯಾರೂ ವಿಚಾರಿಸಿದ್ದನ್ನು ನಾನು ಕಾಣೆ.

ಇದೇನು ದೊಡ್ಡ ವಿಷಯ ಎಂದು ಕೆಲವರಿಗೆ ತೋರಬಹುದು. ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿದ್ದ ಪತಿಯೊಡನೆ ಮೂರು ವರ್ಷ ಇದ್ದು ಬಂದು, ನಿಂತಿದ್ದ ಓದನ್ನು ಈಗ ಇಲ್ಲಿ ಮುಂದುವರಿಸುತ್ತಿರುವ ನನಗೆ ಸಂಬಳದ ಪ್ರಶ್ನೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಸಂಬಳ ಕಡಿಮೆಯಾದರೆ ಖರ್ಚನ್ನು ತಗ್ಗಿಸಬಹುದು. ಮಾತು ಕಡಿಮೆಯಾದರೆ ತಗ್ಗುವುದು ಮನುಷ್ಯನೇ.

ಕಾನೂನಿನ ಸಂಗತಿಯನ್ನು ಮೊದಲು ಮುಗಿಸಿಬಿಡುತ್ತೇನೆ. ಉದ್ಯೋಗಕ್ಕಾಗಿ ಹೋದವರ ಸಂಗಾತಿಯನ್ನು ಎಲ್ಲ ದೇಶಗಳೂ ಒಂದೇ ರೀತಿ ಬರಮಾಡಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾ ಪಡೆದವರ ಗಂಡ ಅಥವಾ ಹೆಂಡತಿಗೆ ಎಚ್-4 ಎಂಬ ವೀಸಾ ಕೊಡುತ್ತಾರೆ. ಬಹುಕಾಲ ಈ ಎಚ್-4ನವರು ಅಲ್ಲಿ ಒಂದು ದಿನದ ಕೂಲಿಯನ್ನೂ ದುಡಿಯುವಂತಿರಲಿಲ್ಲ. 2015ರ ಮೇ ತಿಂಗಳಿನಿಂದೀಚೆಗೆ, ಸಂಗಾತಿಯ ಕಾಯಂ ನಿವಾಸದ ಅರ್ಜಿ ಒಂದು ಗೊತ್ತಾದ ಹಂತವನ್ನು ಮುಟ್ಟಿದವರಿಗೆ ಮಾತ್ರ ಕೆಲಸದ ಅನುಮತಿ ಕೇಳುವ ಅವಕಾಶ ದೊರೆಯಿತು. ಜರ್ಮನಿ ಈ ವಿಷಯದಲ್ಲಿ ಉದಾರಿ. 'ಬ್ಲೂ ಕಾರ್ಡ್' ಪಡೆದವರ ಸಂಗಾತಿಯು ಬಂದ ದಿನದಿಂದಲೇ ದುಡಿಯಬಹುದು. ಬರುವ ಮುನ್ನ ಜರ್ಮನ್ ಭಾಷೆಯ ಪರೀಕ್ಷೆಯನ್ನು ಮುಗಿಸಬೇಕೆಂಬ ಕಟ್ಟಳೆಯೂ ಅವರಿಗಿಲ್ಲ. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲುದೇ ಹೊರತು ಒಳಗಿನಿಂದ 'ಬಾರಮ್ಮಾ, ಕೂತುಕೋ' ಎನ್ನಲಾರದು.

ಸ್ಟಟ್‌ಗಾರ್ಟಿಗೂ ನಮ್ಮ ಬೆಂಗಳೂರಿಗೂ ಹಳೆಯ ನಂಟುಂಟು. 1886ರಲ್ಲಿ ಅಲ್ಲಿ ಹುಟ್ಟಿದ ಬಾಷ್ ಕಾರ್ಖಾನೆಯ ಕವಲೇ 1951ರಲ್ಲಿ ಬೆಂಗಳೂರಿನಲ್ಲಿ 'ಮೈಕೊ' ಎಂಬ ಹೆಸರಿನಿಂದ ಆರಂಭವಾಯಿತು. ಆದುದರಿಂದ ಆ ಊರಿನ ಟ್ರಾಮಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ಬೆರಗಾಗಬೇಕಾಗಿಲ್ಲ. ಹೊಸದಾಗಿ ಹೋದ ಹೆಂಡತಿಗೆ ಮೊದಲು ಸಿಗುವ ಸ್ನೇಹಗಳೂ ಇಂಥವೇ: ಗಂಡನ ಕಚೇರಿಯವರು, ಅವರ ಹೆಂಡಿರು. ಶನಿವಾರದ ಊಟಕ್ಕೆ ಕರೆಯುತ್ತಾರೆ, ನಾವೂ ಮರಳಿ ಕರೆಯುತ್ತೇವೆ. ಗಂಡಸರು ಒಂದು ಕಡೆ ಕುಳಿತು ಕಚೇರಿಯ ಮಾತನ್ನೇ ಮುಂದುವರಿಸುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ ನಿಂತು, ಯಾವ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ ಎಂಬುದನ್ನು ಮಾತನಾಡುತ್ತಾರೆ. ಇದನ್ನು ನಾನು ಹಳಿಯುತ್ತಿಲ್ಲ. ಜ್ವರ ಬಂದ ದಿನ ಗಂಜಿ ತಂದುಕೊಟ್ಟವರು ಅವರೇ. ಆದರೆ ಈ ಬಗೆಯ ಗೆಳೆತನದಲ್ಲಿ ಒಂದು ತೊಡಕುಂಟು. ಇದು ಗಂಡನ ನೌಕರಿಯ ಮೇಲೆ ಕಟ್ಟಿದ್ದು. ಆತನ ಮೇಲಧಿಕಾರಿಯ ಹೆಂಡತಿಯೊಡನೆ ಎಷ್ಟೇ ಸಲಿಗೆಯಿದ್ದರೂ ಬಾಯಿಗೆ ಬಂದ ಮಾತನ್ನು ಒಂದು ಕ್ಷಣ ತಡೆದು, ತೂಗಿ, ಆಮೇಲೆ ಆಡಬೇಕಾಗುತ್ತದೆ. ಗಂಡ ನೌಕರಿ ಬದಲಾಯಿಸಿದರೆ ಶನಿವಾರದ ಊಟಗಳೂ ಮೆಲ್ಲನೆ ನಿಂತುಹೋಗುತ್ತವೆ. ತನ್ನದೇ ಆದ ಒಂದು ಗೆಳೆತನವನ್ನು ಸಂಪಾದಿಸಿಕೊಳ್ಳದ ಹೆಂಡತಿ ಆಗ ಎರಡನೆಯ ಸಲ ಪರದೇಶಿಯಾಗುತ್ತಾಳೆ.

ಕನ್ನಡ ಕೂಟದ ವಿಚಾರ ಬೇರೆ. ಅಲ್ಲಿ ಬರೀ ಹರಟೆ, ಸೀರೆ ಒಡವೆಗಳ ಪ್ರದರ್ಶನ ಎಂದು ಮೂಗು ಮುರಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಈ ಮಾತನ್ನು ನಾನು ಒಪ್ಪಲಾರೆ. ಮೈಸೂರಿನವಳಾದ ನನಗೆ ಧಾರವಾಡದ ಕನ್ನಡದ ಸೊಗಸು ತಿಳಿದದ್ದು ಸ್ಟಟ್‌ಗಾರ್ಟಿನಲ್ಲಿ. ಇಲ್ಲಿದ್ದಾಗ ಅವರ ಊರಿಗೆ ಅವರು, ನಮ್ಮ ಊರಿಗೆ ನಾವು. ಕರಾವಳಿಯವರು, ಬಯಲುಸೀಮೆಯವರು ಒಂದೇ ಚಾಪೆಯ ಮೇಲೆ ಕುಳಿತು ಯುಗಾದಿಯ ಹೋಳಿಗೆ ತಟ್ಟುವ ಸಂದರ್ಭ ನಮಗೆಲ್ಲಿ ಬರುತ್ತದೆ? ಆದರೂ ಕೂಟ ಸೇರುವುದು ವರ್ಷದಲ್ಲಿ ಕೆಲವೇ ದಿನ. ಯುಗಾದಿಗೂ ರಾಜ್ಯೋತ್ಸವಕ್ಕೂ ನಡುವೆ ಎಷ್ಟು ಮಧ್ಯಾಹ್ನಗಳುಂಟೆಂದು ಎಣಿಸಿ ನೋಡಿ.

ಇನ್ನು ದೂರವಾಣಿ ಇದೆಯಲ್ಲ ಎನ್ನುವಿರಿ. ಇದೆ, ಮುಖ ಕಾಣುವ ದೂರವಾಣಿಯೇ ಇದೆ. ಅಮ್ಮ ಒಗ್ಗರಣೆ ಹಾಕುವುದನ್ನು ಸಾವಿರಾರು ಮೈಲಿಯಾಚೆ ಕುಳಿತು ನೋಡಬಹುದು. ಆದರೆ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಬೇಸಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದು. ಇಲ್ಲಿ ರಾತ್ರಿ ಹತ್ತು ಗಂಟೆಗೆ ದೀಪ ಆರಿಸುವಾಗ ಅಲ್ಲಿ ಚಳಿಗಾಲದ ಸಂಜೆ ಐದೂವರೆ. ಹೊರಗೆ ಆಗಲೇ ಕತ್ತಲು, ಗಂಡ ಇನ್ನೂ ಬಂದಿಲ್ಲ, ಊರಿನವರೆಲ್ಲ ಮಲಗಿದ್ದಾರೆ. ಸಂಗಾತ ಬೇಕೆನಿಸುವ ಹೊತ್ತಿಗೆ ಸರಿಯಾಗಿ ಫೋನು ಮೂಗಾಗುತ್ತದೆ. ಇನ್ನೊಂದು ಮಾತೂ ಉಂಟು. ಹಗಲೆಲ್ಲ ಊರಿನೊಡನೆ ಮಾತನಾಡುತ್ತ ಕುಳಿತವಳಿಗೆ ತಾನು ಇರುವ ಊರಿನ ಬೀದಿಗೆ ಇಳಿಯಬೇಕೆಂಬ ಹಸಿವೇ ಹುಟ್ಟುವುದಿಲ್ಲ.

ನೆರೆಹೊರೆಯ ಸ್ನೇಹ ಅಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜರ್ಮನರು ಬಿಗುಮಾನದವರು, ಮುಖ ಕೊಟ್ಟು ಮಾತನಾಡರು ಎಂಬ ಪ್ರತೀತಿ ಉಂಟು. ಇದರಲ್ಲಿ ಅರ್ಧ ನಿಜ. ಹೇಳದೆ ಕೇಳದೆ ಮನೆಗೆ ಹೋಗಿ 'ಏನ್ರೀ, ಕಾಫಿ ಆಯ್ತಾ?' ಎನ್ನುವುದು ಅಲ್ಲಿ ಸಲ್ಲದು. ಎರಡು ವಾರ ಮುಂಚೆಯೇ ದಿನಚರಿ ಪುಸ್ತಕ ತೆಗೆದು, ದಿನ ನೋಡಿ, ಗಂಟೆ ಗೊತ್ತುಮಾಡಿ, ಆ ಗಂಟೆಗೆ ಸರಿಯಾಗಿ ಗಂಟೆ ಒತ್ತಬೇಕು. ಪರಿಚಿತರಿಗೆ ಒಂದು ಶಬ್ದ, ಸ್ನೇಹಿತರಿಗೆ ಇನ್ನೊಂದು. ಹತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರನ್ನೂ 'ಪರಿಚಿತರು' ಎಂದೇ ಅವರು ಹೇಳುವುದನ್ನು ಕೇಳಿದರೆ, ರೈಲಿನಲ್ಲಿ ಎರಡು ಗಂಟೆ ಜೊತೆ ಕುಳಿತವರನ್ನು ಫ್ರೆಂಡ್ ಎನ್ನುವ ನಮಗೆ ಬೇಸರವಾಗುವುದು ಸಹಜ.

ಆದರೆ ಸ್ಟಟ್‌ಗಾರ್ಟಿನ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಒಂದು ಪದ್ಧತಿಯಿದೆ. 'ಗುಡಿಸುವ ವಾರ' ಎಂದು ಅದರ ಅರ್ಥ. ನಾಲ್ಕಾರು ಸಂಸಾರಗಳಿರುವ ಕಟ್ಟಡದಲ್ಲಿ ವಾರಕ್ಕೊಬ್ಬರಂತೆ ಮೆಟ್ಟಿಲು, ಬಾಗಿಲ ಮುಂದಿನ ಹಾದಿ ಗುಡಿಸಿ ಒರೆಸಬೇಕು. ಹಿಮ ಬಿದ್ದರೆ ಅದನ್ನೂ ತೆಗೆಯಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆಯನ್ನು ತೂಗುಹಾಕುತ್ತಾರೆ. ವಾರ ಮುಗಿದ ಮೇಲೆ ಆ ಹಲಗೆ ಪಕ್ಕದ ಬಾಗಿಲಿಗೆ ಹೋಗುತ್ತದೆ. ನಮ್ಮ ದೇಶದವರು ಅನೇಕರು ಇದನ್ನು ಒಂದು ಪೀಡೆಯೆಂದು ಬಗೆದು, ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರು ಕಳೆದುಕೊಳ್ಳುವುದು ಬಹಳ. ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ, ಗುಡಿಸಿ, ರಂಗೋಲಿ ಇಡುವಾಗ ಎದುರುಮನೆಯವರೊಡನೆ ಆಡುವ ನಾಲ್ಕು ಮಾತಿನಿಂದಲೇ ಅಲ್ಲವೇ ನಮ್ಮ ಬೀದಿಗಳ ಗೆಳೆತನವೆಲ್ಲ ನಡೆದಿರುವುದು? ನಾನು ಮೆಟ್ಟಿಲು ಒರೆಸುತ್ತಿದ್ದಾಗ ಮೇಲಿನ ಮನೆಯ ಅಜ್ಜಿ ಇಳಿದು ಬಂದು, ಮೂಲೆಗೆ ಕೈ ಹಾಕುವ ಬಗೆಯನ್ನು ತೋರಿಸಿಕೊಟ್ಟರು. ಭಾಷೆ ಬೇಕಾಗಲಿಲ್ಲ, ಪೊರಕೆಯೇ ಸಾಕಾಯಿತು. ಮುಂದಿನ ಸರದಿಯಲ್ಲಿ ಹಲಗೆಯ ಜೊತೆಗೆ ಒಂದು ತುಂಡು ಸೇಬಿನ ಕೇಕೂ ಬಂದಿತು. ಅದರ ಮುಂದಿನ ಸರದಿಯಲ್ಲಿ ನನ್ನಿಂದ ಒಂದಿಷ್ಟು ಚಕ್ಕುಲಿ ಹೋಯಿತು.

ಜರ್ಮನ್ ಭಾಷೆಯಲ್ಲಿಯೂ ನಮ್ಮ ಹಾಗೆಯೇ 'ನೀನು', 'ನೀವು' ಎರಡೂ ಉಂಟು: 'ದು' ಮತ್ತು 'ಜೀ.' ಇಂಗ್ಲಿಷ್ ಒಂದನ್ನೇ ಬಲ್ಲವರಿಗೆ ಇದು ತಲೆನೋವು; ಕನ್ನಡಿಗರಿಗೆ ಅಲ್ಲ. ಅಮ್ಮನಿಗೂ 'ನೀನು', ದೇವರಿಗೂ 'ನೀನು' ಎನ್ನುವುದು ನಮ್ಮಲ್ಲಿದ್ದಂತೆ ಅವರಲ್ಲಿಯೂ ಇದೆ. ಒಂದೇ ವ್ಯತ್ಯಾಸ: ನಮ್ಮಲ್ಲಿ 'ನೀವು' ಎಂಬುದು ಯಾವಾಗ ಕರಗಿ 'ನೀನು' ಆಯಿತೆಂದು ಯಾರಿಗೂ ತಿಳಿಯುವುದಿಲ್ಲ, ಅಲ್ಲಿ ಅದಕ್ಕೊಂದು ಮುಹೂರ್ತವುಂಟು. ಇಬ್ಬರಲ್ಲಿ ಹಿರಿಯರಾದವರು 'ಇನ್ನು ನಾವು ನೀನು ಎನ್ನೋಣವೇ?' ಎಂದು ಕೇಳಬೇಕು. ಕಿರಿಯರು ತಾವಾಗಿ ಕೇಳುವಂತಿಲ್ಲ. ಮೇಲಿನ ಮನೆಯ ಅಜ್ಜಿ ಈ ಮಾತನ್ನು ಕೇಳಿದ್ದು ಹದಿನಾಲ್ಕು ತಿಂಗಳ ಮೇಲೆ. ಎಷ್ಟು ತಡ ಎಂದು ಇಲ್ಲಿಯವರು ನಗುತ್ತಾರೆ. ಆದರೆ ಹಾಗೆ ಒಮ್ಮೆ ಕೊಟ್ಟ 'ನೀನು' ಅನ್ನು ಹಿಂದಕ್ಕೆ ತೆಗೆದುಕೊಳ್ಳುವ ವಾಡಿಕೆ ಅಲ್ಲಿಲ್ಲ. ಈಗಲೂ ಅವರ ಕಾಗದ ತಪ್ಪದೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಎತ್ತಿಹಿಡಿಯುವುದು ಭಾಷೆಯ ತರಗತಿಯನ್ನು. ಅಲ್ಲಿನ ಊರೂರಿಗೂ 'ಫೋಕ್ಸ್‌ಹೋಖ್‌ಶೂಲೆ' ಎಂಬ ವಿದ್ಯಾಲಯಗಳಿವೆ; ಜನತಾ ವಿದ್ಯಾಲಯ ಎನ್ನಬಹುದು. ವಯಸ್ಸಿನ ಕಟ್ಟಿಲ್ಲ, ಶುಲ್ಕ ದುಬಾರಿಯಲ್ಲ. ಭಾಷೆಯಿಂದ ಹಿಡಿದು ಕುಂಬಾರಿಕೆಯವರೆಗೆ ಎಲ್ಲವನ್ನೂ ಕಲಿಸುತ್ತಾರೆ. ಹೊರಗಿನಿಂದ ಬಂದು ನೆಲಸುವವರಿಗೆಂದು ಸರಕಾರ ಏರ್ಪಡಿಸಿರುವ ಪಾಠಕ್ರಮದಲ್ಲಿ ಸಾಮಾನ್ಯವಾಗಿ 600 ಪಾಠ ಭಾಷೆಗೆ, 100 ಪಾಠ ಆ ದೇಶದ ಚರಿತ್ರೆ ಕಾಯಿದೆಗಳಿಗೆ. ನನ್ನ ತರಗತಿಯಲ್ಲಿ ಸಿರಿಯಾದ ಒಬ್ಬ ಔಷಧಿ ವ್ಯಾಪಾರಿ, ಉಕ್ರೇನಿನ ಇಬ್ಬರು ಉಪಾಧ್ಯಾಯಿನಿಯರು, ಬ್ರೆಜಿಲಿನ ಒಬ್ಬ ನರ್ತಕಿ ಇದ್ದರು. ಮೇಜು ಗಂಡೋ ಹೆಣ್ಣೋ, ದೀಪ ಹೆಣ್ಣೋ ನಪುಂಸಕವೋ ಎಂದು ತಡಕಾಡುವಾಗ ಔಷಧಿ ವ್ಯಾಪಾರಿಯೂ ಒಂದೇ, ನಾನೂ ಒಂದೇ. ಗಂಡನ ಹುದ್ದೆ ಯಾವುದೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕೆಂದರೂ ಆ ವಾಕ್ಯವನ್ನು ಕಟ್ಟಲು ಮೊದಲ ಮೂರು ತಿಂಗಳು ಯಾರಿಗೂ ಬಾರದು! ಇನ್ನೂರು ಶಬ್ದಗಳಲ್ಲಿ ಎಷ್ಟೊಂದು ಹೇಳಬಹುದೆಂಬುದನ್ನು ನಾನು ಕಂಡುಕೊಂಡದ್ದು ಆಗ. 'ನನ್ನ ಮನೆ ಇಲ್ಲ' ಎಂದು ಉಪಾಧ್ಯಾಯಿನಿಯರಲ್ಲಿ ಒಬ್ಬಳು ಅಂದಳು. ಅದು ವ್ಯಾಕರಣದ ಅಭ್ಯಾಸವಲ್ಲ, ನಿಜವಾಗಿಯೂ ಆಕೆಯ ಮನೆ ಉಳಿದಿಲ್ಲ ಎಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಂದು ಪಾಠ ಮುಂದಕ್ಕೆ ಸಾಗಲಿಲ್ಲ. ತರಗತಿ ಮುಗಿದ ಮೇಲೆ ನಾವು ಐದಾರು ಮಂದಿ ಟ್ರಾಮಿನ ನಿಲ್ದಾಣದಲ್ಲಿ ಮೂರು ಗಾಡಿಗಳನ್ನು ಬಿಟ್ಟುಕೊಟ್ಟು ನಿಂತೆವು.

ಸಂಘಗಳ ವಿಷಯವನ್ನೂ ಸೂಚಿಸುತ್ತೇನೆ. ಏಳು ಜನ ಸೇರಿದರೆ ಜರ್ಮನಿಯಲ್ಲಿ ಒಂದು ಸಂಘವನ್ನು ನೋಂದಾಯಿಸಬಹುದು. ಅಂಥವು ಆ ದೇಶದಲ್ಲಿ ಸುಮಾರು ಆರು ಲಕ್ಷ ಇವೆ. ಹಾಡುವವರದು, ತೋಟ ಮಾಡುವವರದು, ಗುಡ್ಡ ಸುತ್ತುವವರದು. ಸ್ಟಟ್‌ಗಾರ್ಟಿನ ಕಡೆಯ ಗುಡ್ಡ ಸುತ್ತುವವರ ಸಂಘ 1888ರಲ್ಲಿ ಹುಟ್ಟಿದ್ದು, ಇಂದಿಗೂ ನಡೆಯುತ್ತಿದೆ. 'ನಮ್ಮೊಡನೆ ಸ್ನೇಹ ಮಾಡಿ' ಎಂದು ಯಾರನ್ನಾದರೂ ಕೇಳಲು ನಾಲಗೆ ಏಳುವುದಿಲ್ಲ. 'ನಾನೂ ಗುಡ್ಡಕ್ಕೆ ಬರಲೇ' ಎಂದು ಕೇಳಬಹುದು.

ಈ ಸಂಕಟ ನಮ್ಮ ಕಾಲಕ್ಕೇ ಹೊಸದೆಂದು ತಿಳಿಯಬಾರದು. ನಾವೇ ಮೊದಲಿಗರೆಂದೂ ಅಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದು ನೆಲಸಿದರು. ಅವರಲ್ಲಿ ಅನೇಕರು ಇದೇ ಸ್ಟಟ್‌ಗಾರ್ಟಿನ ಸುತ್ತಣ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಅಚ್ಚುಹಾಕಿಸಿದ ಕಿಟೆಲ್ ಇವರ ಹೆಸರು ನಮಗೆಲ್ಲರಿಗೂ ಗೊತ್ತು. ಆ ಮಿಶನರಿಗಳ ಮದುವೆಗೆ ಬಾಸೆಲಿನ ಆಡಳಿತ ಮಂಡಲಿಯ ಅಪ್ಪಣೆ ಬೇಕಾಗಿತ್ತು. ಅಪ್ಪಣೆಯಾದ ಮೇಲೆ ಹುಡುಗಿಯೊಬ್ಬಳು ಅನೇಕ ವೇಳೆ ವರನ ಮುಖವನ್ನೇ ಕಾಣದೆ ಹಡಗು ಹತ್ತಿ ಇಲ್ಲಿಗೆ ಬರುತ್ತಿದ್ದಳು. ಆಕೆಯ ಮಕ್ಕಳು ಸ್ವಲ್ಪ ದೊಡ್ಡವರಾದೊಡನೆ ಓದಿಗಾಗಿ ಯುರೋಪಿಗೆ ಮರಳುತ್ತಿದ್ದರು. ಆಕೆ ಇಲ್ಲಿಯೇ ಉಳಿಯುತ್ತಿದ್ದಳು. ಮಂಗಳೂರಿನ ಮಳೆಗಾಲದ ಮಧ್ಯಾಹ್ನಗಳಲ್ಲಿ ಅವಳು ಯಾರೊಡನೆ ಮಾತನಾಡಿದಳು? ಇವರಲ್ಲಿ ಹಲವರು ಹೆಣ್ಣುಮಕ್ಕಳ ಶಾಲೆಗಳಲ್ಲಿ ದುಡಿದರೆಂಬುದು ಚರಿತ್ರೆಗೆ ಗೊತ್ತು. ಅದು ಧರ್ಮಕಾರ್ಯವೆಂದು ಬರೆದಿರುತ್ತಾರೆ. ಮಾತಿನ ಹಸಿವೂ ಅದರಲ್ಲಿ ಒಂದು ಪಾಲು ಇದ್ದೀತೆಂದು ನನ್ನ ಊಹೆ.

'ಗಂಡನಿರುವಾಗ ಹೆಂಡತಿಗೆ ಬೇರೆ ಗೆಳೆತನವೇಕೆ? ಆತನೇ ಸ್ನೇಹಿತನಲ್ಲವೇ?' ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಗೌರವವಿಟ್ಟೇ ಹೇಳುತ್ತೇನೆ: ಇದು ಹೆಂಡತಿಗಿಂತ ಗಂಡನಿಗೆ ಮಾಡುವ ಅನ್ಯಾಯ. ಹಗಲೆಲ್ಲ ಪರಭಾಷೆಯಲ್ಲಿ ದುಡಿದು, ಸಂಜೆ ಏಳಕ್ಕೆ ಬೂಟು ಬಿಚ್ಚುವ ಮನುಷ್ಯನಿಗೆ ಅಪ್ಪ, ಅಮ್ಮ, ಅಕ್ಕ, ತಂಗಿ, ಎದುರುಮನೆಯ ಗೆಳತಿ ಇಷ್ಟೂ ಜನರ ಪಾತ್ರವನ್ನು ಒಬ್ಬನೇ ವಹಿಸು ಎಂದರೆ ಯಾವ ನಟನಿಂದಲೂ ಆಗದು. ಈಚೆಗೆ ಉದ್ಯೋಗಸ್ಥೆಯಾದ ಹೆಂಡತಿಯ ಹಿಂದೆ ಹೋಗುವ ಗಂಡಂದಿರೂ ಉಂಟು. ಅವರ ಪಾಡು ಇನ್ನೂ ಕಷ್ಟ. ಹೆಂಗಸಿಗೆ 'ಮನೆಯಲ್ಲಿದ್ದೀರಾ?' ಎಂದು ಕೇಳಿ ಸುಮ್ಮನಾಗುವ ಜನ ಗಂಡಸನ್ನು 'ಮತ್ತೇನು ಮಾಡುತ್ತಿದ್ದೀರಿ?' ಎಂದು ಪದೇ ಪದೇ ಕೇಳುತ್ತಾರೆ. ಅಂಥ ಒಬ್ಬರು ಪ್ರತಿ ಗುರುವಾರ ಉದ್ಯಾನದ ಚದುರಂಗದ ಮಣೆಯ ಬಳಿಗೆ ತಪ್ಪದೆ ಹೋಗುತ್ತಿದ್ದರು. ಮಳೆ ಬಂದರೂ ಕೊಡೆ ಹಿಡಿದು ಹೋಗುತ್ತಿದ್ದರು.

ನಮ್ಮ ಕಾಲೇಜಿನ ಮಟ್ಟಿಗೆ ಒಂದು ಸಲಹೆಯಿದೆ. ಇಲ್ಲಿಂದ ಪ್ರತಿವರ್ಷ ಕೆಲವರಾದರೂ ಸಂಗಾತಿಯ ಹಿಂದೆ ಹೊರದೇಶಕ್ಕೆ ಹೋಗುತ್ತಾರೆ. ಅವರ ಬಿ.ಎ. ಪದವಿಯನ್ನು ಅಲ್ಲಿ ಯಾರೂ ಕೂಡಲೇ ಕೇಳುವುದಿಲ್ಲ. ಹಾಡಲು ಬರುತ್ತದೆಯೇ, ವಾಲಿಬಾಲ್ ಆಡಲು ಬರುತ್ತದೆಯೇ ಎಂದು ಮಾತ್ರ ಕೇಳಿಯೇ ಕೇಳುತ್ತಾರೆ. ಮದುವೆ ಗೊತ್ತಾದೊಡನೆ ಸಂಗೀತ ಸಂಘದಿಂದಲೂ ಆಟದ ತಂಡದಿಂದಲೂ ಹುಡುಗಿಯರನ್ನು ಬಿಡಿಸುವ ನಮ್ಮ ಮನೆಗಳ ರೂಢಿ ಇದಕ್ಕೆ ನೇರ ವಿರುದ್ಧವಾದುದು. ಭಾಷೆಯ ಮಾತೂ ಹಾಗೆಯೇ. ಸಂಜೆ ನಾಲ್ಕರ ಮೇಲೆ ನಮ್ಮ ಮೇಲಂತಸ್ತಿನ ಕೊಠಡಿಗಳು ಖಾಲಿ ಬಿದ್ದಿರುತ್ತವೆ. ಪ್ರಾಂಶುಪಾಲರು ಅನುಮತಿ ಕೊಡುವುದಾದರೆ ಬರುವ ವರ್ಷದಿಂದ ಮಂಗಳವಾರ, ಗುರುವಾರಗಳಂದು ಒಂದೊಂದು ಗಂಟೆ ಜರ್ಮನ್ ಭಾಷೆಯ ಮೊದಲ ಪಾಠಗಳನ್ನು ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ಹೋಗುವವರೇ ಬರಬೇಕೆಂದಿಲ್ಲ, ಹೋಗದವರೂ ಬರಬಹುದು. ಹೆಸರುಗಳನ್ನು ಕನ್ನಡ ವಿಭಾಗದಲ್ಲಿ ಕೊಡಬೇಕಾಗಿ ವಿನಂತಿ.