ಒಬ್ಬರು ಬೇಡವೆಂದರೆ ಸಾಕು

ಸಹಕಾರ ಸಂಘದ ಸದಸ್ಯತ್ವ ಎಂದರೇನೆಂದು ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಅರ್ಜಿ ಹಾಕಬೇಕು, ಷೇರು ಹಣ ಕಟ್ಟಬೇಕು, ಆಡಳಿತ ಮಂಡಳಿ ಒಪ್ಪಬೇಕು. ಮಂಡಳಿಯಲ್ಲಿ ಒಬ್ಬಿಬ್ಬರಿಗೆ ಅರ್ಜಿದಾರನ ಮೇಲೆ ಹಳೆಯ ಮನಸ್ತಾಪವಿದ್ದರೂ ಹೆಚ್ಚಿನವರು ಒಪ್ಪಿದರೆ ಕೆಲಸ ಆಗುತ್ತದೆ. ಈಗ ಬೇರೊಂದು ಬಗೆಯ ಸಂಘವನ್ನು ಊಹಿಸಿಕೊಳ್ಳಿ. ಅಲ್ಲಿ ಸದಸ್ಯರೆಲ್ಲ, ಒಬ್ಬರೂ ಬಿಡದಂತೆ, ‘ಆಗಲಿ’ ಎನ್ನಬೇಕು. ಒಬ್ಬರು ‘ಬೇಡ’ ಎಂದರೆ ಅರ್ಜಿ ಅಲ್ಲಿಗೇ ನಿಂತಿತು. ಅಂಥ ಸಂಘಕ್ಕೆ ನಿಮ್ಮೊಡನೆ ಬದುವಿನ ಜಗಳವಿರುವ ದಾಯಾದಿ ಮೊದಲೇ ಸೇರಿಕೊಂಡಿದ್ದರೆ ಏನಾದೀತು?

ಜಗತ್ತಿನಲ್ಲಿ ಇಂಥ ಕೂಟಗಳಿವೆ. ಒಂದು, ಪತ್ರಿಕೆಗಳಲ್ಲಿ ಎನ್‌ಎಸ್‌ಜಿ ಎಂದು ಕಾಣುವ ಪರಮಾಣು ಪೂರೈಕೆದಾರರ ಗುಂಪು. ಯುರೇನಿಯಂ, ರಿಯಾಕ್ಟರ್, ಭಾರಜಲ ಮುಂತಾದವನ್ನು ಯಾರಿಗೆ ಮಾರಬಹುದು, ಯಾರಿಗೆ ಮಾರಬಾರದು ಎಂದು ನಿಯಮ ಮಾಡುವುದು ಇದರ ಕೆಲಸ. ಇದರಲ್ಲಿ 48 ದೇಶಗಳಿವೆ. ಇನ್ನೊಂದು, ಎಂಟಿಸಿಆರ್ ಎಂಬ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ. ಇದರಲ್ಲಿ 35 ದೇಶಗಳಿವೆ. ಎರಡರಲ್ಲೂ ತೀರ್ಮಾನವಾಗುವುದು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ.

2016ರ ಜೂನ್ 24ರಂದು ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಎನ್‌ಎಸ್‌ಜಿ ಸಭೆ ಮುಗಿಯಿತು. ಭಾರತದ ಅರ್ಜಿಗೆ ಒಪ್ಪಿಗೆ ಸಿಗಲಿಲ್ಲ, ಚೀನಾ ಒಪ್ಪಿರಲಿಲ್ಲ. ಮೂರೇ ದಿನ ಕಳೆದು, ಜೂನ್ 27ರಂದು ಭಾರತ ಎಂಟಿಸಿಆರ್‌ನ 35ನೇ ಸದಸ್ಯವಾಯಿತು. ಒಂದೇ ದೇಶ, ಒಂದೇ ವಾರ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಇದು ಹೇಗೆ?

ಕತ್ತಿಗೆ ಎರಡು ಕೆಲಸ

ಅಡಿಕೆ ಸುಲಿಯುವ ಕತ್ತಿಯಿಂದ ಸಂಸಾರ ಸಾಗುತ್ತದೆ. ಅದೇ ಕತ್ತಿ ಕೋಪಿಷ್ಠನ ಕೈಗೆ ಸಿಕ್ಕರೆ ಕೊಲೆಯೂ ಆಗುತ್ತದೆ. ಮಾರುವವನಿಗೆ ಕೊಳ್ಳುವವನ ಮನಸ್ಸು ತಿಳಿಯದು. ವಿಜ್ಞಾನದ ಅನೇಕ ವಸ್ತುಗಳೂ ಹೀಗೆಯೇ. ಉಪಗ್ರಹವನ್ನು ಮೇಲಕ್ಕೊಯ್ಯುವ ರಾಕೆಟ್ಟಿಗೂ ಬಾಂಬು ಹೊರುವ ಕ್ಷಿಪಣಿಗೂ ಮೂಲತತ್ವ ಒಂದೇ. ವಿದ್ಯುತ್ ಕೊಡುವ ರಿಯಾಕ್ಟರಿನೊಳಗೇ ಪ್ಲುಟೋನಿಯಂ ಕೂಡ ಹುಟ್ಟುತ್ತದೆ.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ಭಾರತ ನಡೆಸಿದ ಪರಮಾಣು ಪರೀಕ್ಷೆಗೆ ಬಳಕೆಯಾದ ಪ್ಲುಟೋನಿಯಂ, ಶಾಂತಿಯುತ ಬಳಕೆಗೆಂದು ಕೆನಡಾ ಕೊಟ್ಟಿದ್ದ ರಿಯಾಕ್ಟರಿನಲ್ಲಿ ತಯಾರಾದದ್ದು. ಆ ಪರೀಕ್ಷೆಯ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ‘ಶಾಂತಿಯುತ ಸ್ಫೋಟ’ ಎಂದು ಭಾರತ ಹೇಳಿತು. ಕೆನಡಾ ಅದನ್ನು ಒಪ್ಪದೆ ಸಹಕಾರ ನಿಲ್ಲಿಸಿತು. ಅದರ ಬೆನ್ನಿಗೇ ಪೂರೈಕೆದಾರ ದೇಶಗಳು ಲಂಡನ್ನಿನಲ್ಲಿ ಸೇರಿ ಕಟ್ಟಿದ ಕೂಟವೇ ಎನ್‌ಎಸ್‌ಜಿ. ಅಂದರೆ, ಭಾರತ ಇಂದು ಸೇರಲು ಬಯಸುವ ಈ ಸಂಘ ಹುಟ್ಟಿದ್ದೇ ಭಾರತದ ಕಾರಣದಿಂದ.

ಹಾಗೆಂದು ಇಂಥ ನಿಯಮಗಳು ಬೇಡವೆನ್ನಲಾಗದು. ಪಾಕಿಸ್ತಾನದ ಎ.ಕ್ಯು. ಖಾನ್ ಯುರೇನಿಯಂ ಸಂವರ್ಧನೆಯ ತಂತ್ರವನ್ನು ಲಿಬಿಯಾ, ಇರಾನ್, ಉತ್ತರ ಕೊರಿಯಗಳಿಗೆ ಕಳ್ಳದಾರಿಯಲ್ಲಿ ದಾಟಿಸಿದ್ದು 2004ರಲ್ಲಿ ಬಯಲಾಯಿತು. ಕಾವಲೇ ಇಲ್ಲದಿದ್ದರೆ ಇಂಥ ವ್ಯಾಪಾರ ಇನ್ನೆಷ್ಟು ನಡೆಯುತ್ತಿತ್ತೋ.

ಬೆಂಗಳೂರಿಗೆ ಬಾರದ ವಿದ್ಯೆ

ಎಂಟಿಸಿಆರ್ ಹುಟ್ಟಿದ್ದು 1987ರಲ್ಲಿ, ಏಳು ಶ್ರೀಮಂತ ದೇಶಗಳಿಂದ. ಅದರ ಮುಖ್ಯ ಅಳತೆ ಸರಳವಾದದ್ದು: 500 ಕಿಲೋ ತೂಕವನ್ನು 300 ಕಿಲೋಮೀಟರ್ ದೂರಕ್ಕೆ ಒಯ್ಯಬಲ್ಲ ಸಾಧನವನ್ನು ಸುಲಭವಾಗಿ ಯಾರಿಗೂ ಕೊಡಬಾರದು. ಐದು ಕ್ವಿಂಟಲ್ ಮೆಕ್ಕೆಜೋಳದಷ್ಟು ತೂಕ. ಹೊನ್ನಾಳಿಯಿಂದ ನೇರ ಗೆರೆ ಎಳೆದರೆ ಬೆಂಗಳೂರು ಆ ದೂರದೊಳಗೇ ಬರುತ್ತದೆ.

ಈ ನಿಯಮದ ಪೆಟ್ಟು ಬಿದ್ದದ್ದೂ ಬೆಂಗಳೂರಿಗೇ. ಭಾರವಾದ ಉಪಗ್ರಹಗಳನ್ನು ಎತ್ತರದ ಕಕ್ಷೆಗೆ ಸೇರಿಸಲು ಇಸ್ರೋಗೆ ಕ್ರಯೋಜೆನಿಕ್ ಎಂಜಿನ್ ಬೇಕಿತ್ತು. ಇದರಲ್ಲಿ ಉರಿಯುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ದ್ರವ ಜಲಜನಕ. ಉರಿಸುವುದು ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ. ಒಂದು ಕಡೆ ಈ ಕಡುಶೀತ, ಒಂದೆರಡು ಮೊಳ ಆಚೆ ಮೂರು ಸಾವಿರ ಡಿಗ್ರಿಯಷ್ಟು ಬೆಂಕಿ, ನಡುವೆ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಪಂಪು. ಇಂಥ ಎಂಜಿನ್ನನ್ನು ಪುಸ್ತಕ ಓದಿ ಮಾಡಲಾಗುವುದಿಲ್ಲ.

1991ರ ಜನವರಿಯಲ್ಲಿ ಇಸ್ರೋ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಎಂಜಿನ್ನಿನ ಜೊತೆಗೆ ಅದನ್ನು ಮಾಡುವ ವಿದ್ಯೆಯೂ ಬರಬೇಕಿತ್ತು. ಆಗ ಇಸ್ರೋದ ಅಧ್ಯಕ್ಷರು ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್. 1992ರ ಮೇ ತಿಂಗಳಲ್ಲಿ ಅಮೆರಿಕ, ಎಂಟಿಸಿಆರ್ ನಿಯಮದ ಹೆಸರು ಹೇಳಿ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ನಿರ್ಬಂಧ ಹೇರಿತು. ಇಂಧನ ತುಂಬಿಸಲು ಗಂಟೆಗಟ್ಟಲೆ ಹಿಡಿಯುವ ಈ ಎಂಜಿನ್ ಯುದ್ಧದ ಕ್ಷಿಪಣಿಗೆ ಒಗ್ಗುವುದಿಲ್ಲವೆಂದು ಭಾರತ ವಾದಿಸಿತು. ಅದಕ್ಕೆ ಮುಂಚೆ ಅಮೆರಿಕ ಮತ್ತು ಫ್ರಾನ್ಸಿನ ಕಂಪನಿಗಳೇ ಇಂಥ ಎಂಜಿನ್ನನ್ನು ಹೆಚ್ಚಿನ ಬೆಲೆಗೆ ಮಾರಲು ಮುಂದೆ ಬಂದಿದ್ದವು ಎಂಬುದೂ ನಿಜ. 1993ರಲ್ಲಿ ರಷ್ಯಾ ಮಣಿಯಿತು. ಎಂಜಿನ್ನುಗಳು ಬಂದವು, ವಿದ್ಯೆ ಬರಲಿಲ್ಲ.

ಕಾಲುವೆ ನೀರು ಕಾಣದ ಜಗಳೂರಿನ ರೈತ ಏನು ಮಾಡುತ್ತಾನೆ? ಕೊಳವೆಬಾವಿ ಕೊರೆಸುತ್ತಾನೆ. ಒಂದು ಬತ್ತಿದರೆ ಇನ್ನೊಂದು. ಇಸ್ರೋ ಮಾಡಿದ್ದೂ ಅದನ್ನೇ. 2010ರ ಏಪ್ರಿಲ್ 15ರಂದು ಸ್ವದೇಶಿ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ ವಿಫಲವಾಗಿ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಗೆದ್ದಿತು. 1991ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪದವಿ ಮುಗಿಸಿತ್ತು. 2022ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕ್ರಯೋಜೆನಿಕ್ ಎಂಜಿನ್ ತಯಾರಿಕೆಯ ಘಟಕ ಆರಂಭವಾಯಿತು. 2023ರ ಜುಲೈನಲ್ಲಿ ಚಂದ್ರಯಾನ-3ನ್ನು ಹೊತ್ತೊಯ್ದ ರಾಕೆಟ್ಟಿನ ಮೇಲಿನ ಹಂತವೂ ಸ್ವದೇಶಿ ಕ್ರಯೋಜೆನಿಕ್ಕೇ. ಗೆಲುವು ದೊಡ್ಡದು, ಆದರೆ ಅದಕ್ಕೆ ತೆತ್ತ ಇಪ್ಪತ್ತಮೂರು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೈಗಾದ ಲೆಕ್ಕ

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಕೆನಡಾ ಕೈಬಿಟ್ಟ ಮೇಲೆ ನಮ್ಮ ಎಂಜಿನಿಯರುಗಳು ತಾವೇ ಬೆಳೆಸಿದ ಮಾದರಿಯ ರಿಯಾಕ್ಟರುಗಳಿವು. ಅದರ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಆದರೆ ಯಂತ್ರವಿದ್ದರೆ ಸಾಲದು, ಯುರೇನಿಯಂ ಬೇಕಲ್ಲ. 2007-08ರ ಹೊತ್ತಿಗೆ ಇಂಧನದ ಕೊರತೆಯಿಂದ ದೇಶದ ರಿಯಾಕ್ಟರುಗಳು ಅರೆಹೊಟ್ಟೆಯಲ್ಲಿ ನಡೆಯುತ್ತಿದ್ದವು. ಕೈಗಾದ ನಾಲ್ಕನೇ ಘಟಕವೂ ಇಂಧನಕ್ಕಾಗಿ ಕಾಯಬೇಕಾಯಿತು.

2008ರ ಸೆಪ್ಟೆಂಬರ್ 6ರಂದು ಎನ್‌ಎಸ್‌ಜಿ ಭಾರತಕ್ಕೆ ವಿಶೇಷ ವಿನಾಯಿತಿ ಕೊಟ್ಟಿತು. ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರುಗಳಿಗೆ ಹೊರದೇಶದ ಯುರೇನಿಯಂ ಬರತೊಡಗಿತು. ಕೈಗಾ ಆ ಪಟ್ಟಿಯಲ್ಲಿಲ್ಲ. ಆದರೂ ಬೇರೆ ಸ್ಥಾವರಗಳು ಆಮದಿನ ಇಂಧನಕ್ಕೆ ತಿರುಗಿದ್ದರಿಂದ ನಮ್ಮ ನೆಲದ ಯುರೇನಿಯಂ ಕೈಗಾಕ್ಕೆ ಉಳಿಯಿತು. 2015ರಲ್ಲಿ ಹಡಗಿನಲ್ಲಿ ಯುರೇನಿಯಂ ಕಳಿಸಿದ ದೇಶಗಳಲ್ಲಿ ಅದೇ ಕೆನಡಾವೂ ಒಂದು!

ಹಾಗಾದರೆ ಸದಸ್ಯತ್ವ ಇನ್ನೇಕೆ? ನ್ಯಾಮತಿಯವರಿಗೆ ಇದು ಬೇಗ ಅರ್ಥವಾದೀತು. ನ್ಯಾಮತಿ ಸ್ವಂತ ತಾಲ್ಲೂಕಾಗುವ ಮುಂಚೆ ಕೆಲಸಗಳೇನೋ ಆಗುತ್ತಿದ್ದವು. ಆದರೆ ತೀರ್ಮಾನವಾಗುತ್ತಿದ್ದುದು ಹೊನ್ನಾಳಿಯಲ್ಲಿ. ವಿನಾಯಿತಿ ಸಿಕ್ಕ ಮೂರೇ ವರ್ಷಕ್ಕೆ, 2011ರಲ್ಲಿ, ಯುರೇನಿಯಂ ಸಂವರ್ಧನೆ ಮತ್ತು ಮರುಸಂಸ್ಕರಣೆಯ ತಂತ್ರವನ್ನು ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಸಹಿ ಹಾಕದ ದೇಶಗಳಿಗೆ ಕೊಡಬಾರದೆಂದು ಎನ್‌ಎಸ್‌ಜಿ ನಿಯಮ ಬಿಗಿ ಮಾಡಿತು. ಆಗ ಭಾರತ ಆ ಕೋಣೆಯಲ್ಲಿ ಇರಲಿಲ್ಲ.

ಯಾರು ಒಳಗೆ, ಯಾರು ಹೊರಗೆ

ಚೀನಾದ ವಾದ ಇದೇ ಒಪ್ಪಂದದ್ದು. 1967ರ ಜನವರಿ 1ಕ್ಕೆ ಮುಂಚೆ ಅಣ್ವಸ್ತ್ರ ಪರೀಕ್ಷಿಸಿದವರನ್ನು ಮಾತ್ರ ಆ ಒಪ್ಪಂದ ಅಣ್ವಸ್ತ್ರ ದೇಶಗಳೆಂದು ಒಪ್ಪುತ್ತದೆ. ಚೀನಾದ ಪರೀಕ್ಷೆ 1964ರದು, ಭಾರತದ್ದು 1974ರದು. ಸಹಿ ಹಾಕಿದರೆ ಭಾರತ ಅಸ್ತ್ರಗಳನ್ನು ಬಿಡಬೇಕು. ಅದಕ್ಕೆ ಅದು ಒಪ್ಪುವುದಿಲ್ಲ. ಫ್ರಾನ್ಸ್ ಸಹಿ ಹಾಕದೆಯೇ ಎನ್‌ಎಸ್‌ಜಿಯಲ್ಲಿತ್ತು, ನಮಗೇಕೆ ಬೇರೆ ನ್ಯಾಯ ಎಂದು ಭಾರತ ಕೇಳುತ್ತದೆ. ಭಾರತ ಅರ್ಜಿ ಹಾಕಿದ ಅದೇ ಮೇ ತಿಂಗಳಲ್ಲಿ ಪಾಕಿಸ್ತಾನವೂ ಅರ್ಜಿ ಹಾಕಿತು. ಸಹಿ ಹಾಕದವರಿಗೆಲ್ಲ ಒಂದೇ ಅಳತೆಗೋಲು ಇರಲಿ ಎಂದು ಚೀನಾ ಹೇಳಿತು.

ಆದರೆ ಎಂಟಿಸಿಆರ್‌ನಲ್ಲಿ ಚೀನಾ ಇಲ್ಲ. ಅದು 2004ರಲ್ಲಿ ಅರ್ಜಿ ಹಾಕಿತ್ತು. ಅದರ ಕ್ಷಿಪಣಿ ರಫ್ತಿನ ಮೇಲೆ ಅನುಮಾನವಿದ್ದ ಕಾರಣ ಒಪ್ಪಿಗೆ ಸಿಗಲಿಲ್ಲ. ಅದೇ ವರ್ಷ ಎನ್‌ಎಸ್‌ಜಿಗೆ ಮಾತ್ರ ಸೇರಿತು. ಹಾಗಾಗಿ ಒಂದು ಬಾಗಿಲಲ್ಲಿ ಚೀನಾ ಒಳಗೆ, ಭಾರತ ಹೊರಗೆ. ಇನ್ನೊಂದರಲ್ಲಿ ಭಾರತ ಒಳಗೆ, ಚೀನಾ ಹೊರಗೆ. ಇಬ್ಬರ ಕೈಯಲ್ಲೂ ಒಂದೊಂದು ‘ಬೇಡ’ ಇದೆ. ಆ ಜೂನ್ ವಾರದ ಒಗಟಿಗೆ ಇದೇ ಉತ್ತರ.

ಒಳಗೆ ಬಂದವರಿಗೆ ಹೊಣೆಯೂ ಬರುತ್ತದೆ. ರಷ್ಯಾದೊಡನೆ ಕೂಡಿ ಮಾಡಿದ ಬ್ರಹ್ಮೋಸ್ ಕ್ಷಿಪಣಿಯ ವ್ಯಾಪ್ತಿಯನ್ನು ಮೊದಲು 290 ಕಿಲೋಮೀಟರಿಗೆ ಇಳಿಸಿಟ್ಟದ್ದು ಈ ನಿಯಮದಿಂದಲೇ. ಸದಸ್ಯತ್ವದ ನಂತರ ಅದು ಬೆಳೆಯಿತು. ಆದರೆ ಈಗ ಇತರರಿಗೆ ‘ಕೊಡುವುದಿಲ್ಲ’ ಎನ್ನಬೇಕಾದ ಸರದಿ ಭಾರತದ್ದು. ಸ್ಕಾಮೆಟ್ ಎಂಬ ಪಟ್ಟಿಯಲ್ಲಿರುವ ರಾಸಾಯನಿಕ, ವಿಶೇಷ ಉಕ್ಕು, ಯಂತ್ರ, ತಂತ್ರಾಂಶಗಳನ್ನು ಹೊರದೇಶಕ್ಕೆ ಕಳಿಸಲು ಸರ್ಕಾರದ ಪರವಾನಗಿ ಬೇಕು. ನಾಳೆ ಈ ತಾಲ್ಲೂಕುಗಳ ಹುಡುಗಿಯೊಬ್ಬಳು ಎಂಜಿನಿಯರಾಗಿ ಕಾರ್ಖಾನೆ ತೆರೆದರೆ ಆ ಪಟ್ಟಿಯನ್ನು ಅವಳೂ ಓದಬೇಕಾಗುತ್ತದೆ.

ಆ ದಿನ ದೂರವೇನಿಲ್ಲ. ಜಗಳೂರಿಗೆ ಹತ್ತಿರದ ಚಳ್ಳಕೆರೆಯ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವೊಂದು, ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟ ಮೇಲೆ, ಚಾಲಕನಿಲ್ಲದೆ ತಾನೇ ಓಡುದಾರಿಗೆ ಇಳಿಯಿತು.

ಈ ವಾರ ಮಕ್ಕಳು ಒಂದು ಕೆಲಸ ಮಾಡಲಿ. ಭೂಪಟದಲ್ಲಿ ನಿಮ್ಮ ಊರನ್ನು ಕೇಂದ್ರವಾಗಿಟ್ಟು, ಅಳತೆಪಟ್ಟಿ ನೋಡಿ, 300 ಕಿಲೋಮೀಟರಿನ ವೃತ್ತ ಎಳೆಯಿರಿ. ಅದರೊಳಗೆ ಎಷ್ಟು ಊರುಗಳಿವೆ, ಎಷ್ಟು ಜನರಿದ್ದಾರೆ ಎಂದು ಮನೆಯವರೊಡನೆ ಕುಳಿತು ಎಣಿಸಿ. ಕಾವಲು ಏಕೆ ಬೇಕೆಂದು ಆಗ ತಿಳಿಯುತ್ತದೆ. ಆ ಕಾವಲಿನ ಬೀಗದಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆಯನ್ನು ಊಟದ ಹೊತ್ತಿನ ಮಾತಿಗೆ ಇಟ್ಟುಕೊಳ್ಳಿ.