ಟ್ರ್ಯಾಕ್ಟರ್‌ಗೆ ಎಲ್‌ಇಡಿ ಹಾಕಿಸಿ, ಆದರೆ ಅರ್ಧ ಕೆಲಸ ಮಾಡಿಸಬೇಡಿ

ಮಲೇಬೆನ್ನೂರಿನಲ್ಲಿ ನಮ್ಮ ಮಾಮುವಿನದು ಒಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಬ್ಯಾಟರಿ ಚಾರ್ಜಿಂಗ್, ಡೈನಮೋ ರಿಪೇರಿ, ಸೆಲ್ಫ್ ಮೋಟಾರ್, ಹಾರ್ನ್, ಹೆಡ್‌ಲೈಟ್ ಎಲ್ಲ ಕೆಲಸವೂ ಅಲ್ಲಿ ನಡೆಯುತ್ತದೆ. ನಾನು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ಮೇಲೆ ಅಂಗಡಿಯ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು. "ಕಾಲೇಜಿನಲ್ಲಿ ಜರ್ನಲ್ ಎಂಟ್ರಿ ಬರೀತೀಯಲ್ಲ, ಇಲ್ಲೂ ಬರಿ" ಎಂದು ಮಾಮು ಪುಸ್ತಕ ಕೈಗಿತ್ತರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಕೂತು ವಾರದ ಚೀಟಿಗಳನ್ನೆಲ್ಲ ಪುಸ್ತಕಕ್ಕೆ ಇಳಿಸುತ್ತೇನೆ.

ಕಳೆದ ಬೇಸಿಗೆ ಬೆಳೆಯ ಹೊತ್ತಿನಲ್ಲಿ ಒಂದೇ ಬಗೆಯ ಚೀಟಿ ಮತ್ತೆ ಮತ್ತೆ ಬರುತ್ತಿತ್ತು. "ಹಳೆ ಟ್ರ್ಯಾಕ್ಟರ್, ಎಲ್‌ಇಡಿ ಒಂದು ಜೊತೆ, 450." ಎರಡು ತಿಂಗಳಲ್ಲಿ ಹನ್ನೊಂದು ಸಲ ಅದನ್ನು ಬರೆದೆ. ಮಾರಾಟ ಹೆಚ್ಚಾಗಿದೆ ಎಂದು ಖುಷಿಯೂ ಆಯಿತು.

ಅದೇ ಸಮಯದಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ನಮ್ಮ ಅಬ್ಬು ಅಕ್ಕಿ ಗಿರಣಿಯ ಕೆಲಸ ಮುಗಿಸಿ ಮೊಪೆಡ್‌ನಲ್ಲಿ ಚಾನೆಲ್ ರಸ್ತೆ ಹಿಡಿದು ಮನೆಗೆ ಬರುತ್ತಿದ್ದರು. ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಬಿಳಿ ಬೆಳಕು ನೇರವಾಗಿ ಮುಖಕ್ಕೇ ಹೊಡೆಯಿತು. ರಸ್ತೆಯ ಅಂಚು ಎಲ್ಲಿದೆ ಎಂದು ತಿಳಿಯದೆ ಅಬ್ಬು ಪಕ್ಕದ ಗದ್ದೆಗೆ ಬಿದ್ದರು. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿತ್ತು. "ಕುಚ್ ದಿಖಾಇಚ್ ನೈ ಬೇಟಾ" ಎಂದರು. ಏನೂ ಕಾಣಿಸಲೇ ಇಲ್ಲ ಎಂದು. ಟ್ರ್ಯಾಕ್ಟರ್ ನಿಲ್ಲಿಸದೆ ಹೋಯಿತು. ಓಡಿಸುತ್ತಿದ್ದವನಿಗೆ ಅಬ್ಬು ಬಿದ್ದದ್ದು ಗೊತ್ತಾಗಿರಲಿಕ್ಕೂ ಇಲ್ಲ.

ಆ ಟ್ರ್ಯಾಕ್ಟರ್ ಯಾರದೋ ನಮಗೆ ತಿಳಿದಿಲ್ಲ. ಅದರ ಬಲ್ಬು ನಮ್ಮ ಅಂಗಡಿಯದೋ, ಬೇರೆ ಅಂಗಡಿಯದೋ ಅದೂ ತಿಳಿದಿಲ್ಲ. ಆದರೆ ಹನ್ನೊಂದು ಚೀಟಿಗಳನ್ನು ಬರೆದವರು ನಾನೇ. ಅದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್‌ಇಡಿಯ ವಿರೋಧಿಯಲ್ಲ. ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಎಲ್‌ಇಡಿ ಕೇಳುವುದರಲ್ಲಿ ನ್ಯಾಯವಿದೆ. ನಮ್ಮ ಕಡೆ ಇನ್ನೂ ಎಚ್‌ಎಂಟಿ ಟ್ರ್ಯಾಕ್ಟರ್‌ಗಳು ಗದ್ದೆಗಿಳಿಯುತ್ತವೆ. ಎಚ್‌ಎಂಟಿಯವರು 1971ರಲ್ಲಿ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರು ಮಾಡಿದರು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಡಿಕೆ ತೋಟಗಳಲ್ಲಿ ಬೆಂಗಳೂರಿನ ವಿಎಸ್‌ಟಿ ಕಂಪನಿಯ ಹಳೆಯ ಮಿತ್ಸುಬಿಷಿ ಶಕ್ತಿ ಮಿನಿ ಟ್ರ್ಯಾಕ್ಟರ್‌ಗಳಿವೆ. ಅಡಿಕೆ ಗಿಡಗಳ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ ಜಾಗ ಇರುತ್ತದೆ, ಅದರಲ್ಲಿ ದೊಡ್ಡ ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟ. ಹಾಗಾಗಿ ಈ ಹಳೆಯ ಗಾಡಿಗಳನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಇಂಜಿನ್ ಗಟ್ಟಿಯಾಗಿರುತ್ತದೆ, ಲೈಟು ಮಾತ್ರ ಹಣತೆಯ ಹಾಗೆ ಮಿಣುಗುತ್ತದೆ. ಚಾನೆಲ್‌ಗೆ ನೀರು ಬಿಟ್ಟ ಮೇಲೆ ಕೆಸರು ಹೊಡೆಯುವ ಕೆಲಸ ರಾತ್ರಿಯೂ ನಡೆಯುತ್ತದೆ. ಮುಂದಿನ ಬದು ಕಾಣದಿದ್ದರೆ ಪ್ರಾಣಕ್ಕೇ ಅಪಾಯ.

ಲೆಕ್ಕದಲ್ಲೂ ಎಲ್‌ಇಡಿ ಗೆಲ್ಲುತ್ತದೆ. 35 ವ್ಯಾಟ್‌ನ ಎರಡು ಹಳೆಯ ಬಲ್ಬುಗಳು ಉರಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 5.8 ಆಂಪಿಯರ್ ಎಳೆಯುತ್ತವೆ. 10 ವ್ಯಾಟ್‌ನ ಎರಡು ಎಲ್‌ಇಡಿಗೆ ಸುಮಾರು 1.7 ಆಂಪಿಯರ್ ಸಾಕು. ಇಂಜಿನ್ ನಿಧಾನಕ್ಕೆ ಓಡುವಾಗ ಹಳೆಯ ಡೈನಮೋ ಸರಿಯಾಗಿ ಚಾರ್ಜ್ ಕೊಡುವುದಿಲ್ಲ. ರಾತ್ರಿಯಿಡೀ ಹಳೆಯ ಬಲ್ಬು ಉರಿಸಿದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ, ನಾಲ್ಕು ಜನ ತಳ್ಳಬೇಕು. ಎಲ್‌ಇಡಿಯಿಂದ ಆ ತಾಪತ್ರಯ ತಪ್ಪುತ್ತದೆ.

ಹಾಗಾದರೆ ತಪ್ಪು ಎಲ್ಲಿದೆ? ಮಾಮುವನ್ನು ಕೇಳಿದೆ. ಅವರು ಒಂದು ಹಳೆಯ ಹೆಡ್‌ಲೈಟ್ ಬಿಚ್ಚಿ ತೋರಿಸಿದರು. ಬಲ್ಬಿನ ಹಿಂದೆ ಹೊಳೆಯುವ ಬಟ್ಟಲಿನಂಥ ಭಾಗವಿರುತ್ತದೆ, ಅದನ್ನು ನಮ್ಮಲ್ಲಿ ಡೂಮ್ ಎನ್ನುತ್ತಾರೆ. ಹಳೆಯ ಬಲ್ಬಿನ ಒಳಗಿನ ಸಣ್ಣ ತಂತಿ ಆ ಡೂಮಿನ ಒಂದು ನಿರ್ದಿಷ್ಟ ಜಾಗದಲ್ಲಿ ಕೂತಿರುತ್ತದೆ. ಅಲ್ಲಿಂದ ಹೊರಟ ಬೆಳಕು ಡೂಮಿಗೆ ಬಡಿದು ನೇರ ದಾರಿ ಹಿಡಿಯುತ್ತದೆ. ಡಿಪ್ಪರ್ ಒತ್ತಿದರೆ ಬೇರೊಂದು ತಂತಿ ಉರಿದು ಬೆಳಕು ಕೆಳಗೆ ಬಾಗುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಬೆಳಕಿನ ಚಿಪ್ಪುಗಳು ಆ ಜಾಗದಲ್ಲಿ ಕೂರುವುದಿಲ್ಲ. ಒಂದಿಷ್ಟು ಮುಂದೆ ಅಥವಾ ಹಿಂದೆ, ಪಟ್ಟಿಯ ಎರಡೂ ಬದಿಗೆ ಹರಡಿಕೊಂಡಿರುತ್ತವೆ. ಆಗ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆದರುತ್ತದೆ. ಕೆಲವದರಲ್ಲಿ ಡಿಪ್ಪರ್ ಒತ್ತಿದರೂ ಬೆಳಕು ಕೆಳಗಿಳಿಯುವುದೇ ಇಲ್ಲ.

2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬು ನಮ್ಮ ಮನೆಗಳಲ್ಲಿ ಮಾಮೂಲಿಯಾಯಿತು. ಅದಕ್ಕೇ ಇರಬೇಕು, ಟ್ರ್ಯಾಕ್ಟರ್ ಬಲ್ಬನ್ನೂ ನಾವು ಮನೆಯ ಬಲ್ಬಿನ ಹಾಗೆ ನೋಡುತ್ತೇವೆ. ಹೆಚ್ಚು ಬೆಳಕು ಬಂದರೆ ಒಳ್ಳೆಯ ಬಲ್ಬು, ಅಷ್ಟೆ. ಅಡುಗೆಮನೆಯಲ್ಲಿ ಬೆಳಕು ನಾಲ್ಕೂ ಕಡೆ ಹರಡಬೇಕು, ಸರಿ. ರಸ್ತೆಯಲ್ಲಿ ಹಾಗಲ್ಲ. ಹೆಡ್‌ಲೈಟ್ ಬೆಳಕು ಎಲ್ಲಿಗೆ ಹೋಗಬೇಕು ಎನ್ನುವಷ್ಟೇ ಎಲ್ಲಿಗೆ ಹೋಗಬಾರದು ಎನ್ನುವುದೂ ಮುಖ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದನ್ನೇ ಹೇಳುತ್ತವೆ. ಮುಂದಿನ ದೀಪ ಎದುರಿನವರ ಕಣ್ಣು ಕುಕ್ಕದ ಹಾಗೆ ಕೆಳಕ್ಕೆ ಬಾಗಿರಬೇಕು.

ನಮ್ಮ ಅರ್ಥಶಾಸ್ತ್ರದ ಪಠ್ಯದಲ್ಲಿ ಎಕ್ಸ್‌ಟರ್ನಾಲಿಟಿ ಎಂಬ ಮಾತಿದೆ. ಒಬ್ಬರು ಮಾಡುವ ಕೆಲಸದ ಹಾನಿ ಇನ್ನೊಬ್ಬರ ಮೇಲೆ ಬೀಳುತ್ತದೆ, ಆದರೆ ಮಾಡಿದವರು ಅದಕ್ಕೆ ದುಡ್ಡು ಕೊಡುವುದಿಲ್ಲ. ಪುಸ್ತಕದಲ್ಲಿ ಕಾರ್ಖಾನೆಯಿಂದ ನದಿ ಕೆಡುವ ಉದಾಹರಣೆ ಕೊಟ್ಟಿದ್ದಾರೆ. ನನಗೆ ಮಾತ್ರ ಅದು ಅರ್ಥವಾದದ್ದು ಅಬ್ಬು ಕೈ ಮುರಿದುಕೊಂಡಾಗ. ಬಲ್ಬಿಗೆ ರೈತ 450 ರೂಪಾಯಿ ಕೊಟ್ಟ. ಅಂಗಡಿಗೆ ಲಾಭ ಬಂತು. ಅಬ್ಬುವಿಗೆ ವಾರಕ್ಕೆ 3,500 ರೂಪಾಯಿಯಂತೆ ಆರು ವಾರದ ಸಂಬಳ 21,000 ಹೋಯಿತು, ಆಸ್ಪತ್ರೆ ಖರ್ಚು ಬೇರೆ. ಆ ತಿಂಗಳು ಅಮ್ಮಿ ತಮ್ಮ ಚೀಟಿ ದುಡ್ಡನ್ನು ಮುಂಚೆಯೇ ಎತ್ತಿದರು. ಇದು ಯಾರ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ. ನಾನು ಬರೆಯುವ ಪುಸ್ತಕದಲ್ಲೂ ಬರಲಿಲ್ಲ.

ಹಾಗಾದರೆ ಪೂರ್ತಿ ಕೆಲಸ ಎಂದರೇನು? ಮಾಮು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ವೈರಿಂಗ್ ನೋಡಬೇಕು. ಎಷ್ಟೋ ಸಲ ಹಳೆಯ ಲೈಟು ಮಂಕಾಗಿರುವುದು ಬಲ್ಬಿನಿಂದಲ್ಲ. ತುಕ್ಕು ಹಿಡಿದ ಹೋಲ್ಡರ್, ಸಡಿಲವಾದ ಅರ್ತ್ ವೈರು, ಕಪ್ಪಾದ ಡೂಮ್, ಇವುಗಳಿಂದ. ಇವನ್ನು ಸರಿ ಮಾಡಿದರೆ ಹಳೆಯ ಬಲ್ಬೇ ಚೆನ್ನಾಗಿ ಉರಿಯಬಹುದು. ಎಲ್‌ಇಡಿಯೇ ಬೇಕಾದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಬೇಕು. ಬಹಳ ಹಳೆಯ ಕೆಲವು ಬ್ರಿಟಿಷ್ ಟ್ರ್ಯಾಕ್ಟರ್‌ಗಳಲ್ಲಿ ಪ್ಲಸ್ ತುದಿ ಬಾಡಿಗಿರುತ್ತದೆ. ಹಳೆಯ ಬಲ್ಬಿಗೆ ಅದರಿಂದ ಏನೂ ಆಗುವುದಿಲ್ಲ, ಎಲ್‌ಇಡಿ ಉರಿಯುವುದಿಲ್ಲ ಅಥವಾ ಸುಟ್ಟುಹೋಗುತ್ತದೆ. ಒಂದು ಫ್ಯೂಸ್ ಹಾಕುವುದನ್ನೂ ಮರೆಯಬಾರದು.

ಎರಡನೆಯದು, ಬಲ್ಬನ್ನು ಮಾತ್ರ ಬದಲಿಸುವ ಬದಲು ಎಲ್‌ಇಡಿಗೆಂದೇ ಮಾಡಿದ ಪೂರ್ತಿ ಹೆಡ್‌ಲೈಟ್ ಹಾಕಿಸುವುದು ಒಳ್ಳೆಯದು. ಅದರಲ್ಲಿ ಡಿಪ್ಪರ್ ಕೆಲಸ ಮಾಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಮೂರನೆಯದು, ಗೋಡೆಯ ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಟ್ರ್ಯಾಕ್ಟರ್ ನಿಲ್ಲಿಸಿ, ಹೆಡ್‌ಲೈಟಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಡಿಪ್ಪರ್ ಹಾಕಿದಾಗ ಬೆಳಕಿನ ಗಟ್ಟಿ ಭಾಗ ಆ ಗೆರೆಗಿಂತ ಮೂರು ನಾಲ್ಕು ಇಂಚಾದರೂ ಕೆಳಗಿರಬೇಕು. ಟ್ರಾಲಿಗೆ ಲೋಡ್ ಹಾಕಿದಾಗ ಟ್ರ್ಯಾಕ್ಟರ್‌ನ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಆದ್ದರಿಂದ ಲೋಡ್ ಇದ್ದಾಗ ಒಮ್ಮೆ ನೋಡಬೇಕು.

ನಾಲ್ಕನೆಯದು, ಗದ್ದೆ ತೋಟದ ಕೆಲಸಕ್ಕೆ ಹಾಕುವ ಎಲ್‌ಇಡಿ ಬಾರ್‌ಗೆ ಬೇರೆ ಸ್ವಿಚ್ ಇರಬೇಕು. ರಸ್ತೆಗೆ ಬಂದ ಕೂಡಲೇ ಅದು ಆಫ್ ಆಗಬೇಕು.

ಐದನೆಯದು ಟ್ರಾಲಿಯ ಹಿಂಭಾಗ. ಮುಂದೆ ಹಗಲಿನಂಥ ಬೆಳಕು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಇಂಥ ಟ್ರಾಲಿಗಳನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಅಂಗಡಿಯಲ್ಲಿ 150 ರೂಪಾಯಿಯ ರೇಡಿಯಂ ಪಟ್ಟಿ ಸಾಕು, ಹಿಂದಿನಿಂದ ಬರುವ ಬೈಕ್‌ನವನಿಗೆ ದೂರದಿಂದಲೇ ಟ್ರಾಲಿ ಕಾಣುತ್ತದೆ. ನನ್ನನ್ನು ಕೇಳಿದರೆ ಎಲ್‌ಇಡಿಗಿಂತ ಮೊದಲು ಆಗಬೇಕಾದ ಕೆಲಸ ಇದೇ.

ಇಷ್ಟನ್ನೂ ತಿಳಿದ ಮಾಮು ಯಾಕೆ ಮಾಡುತ್ತಿರಲಿಲ್ಲ? ಇದನ್ನೂ ಕೇಳಿದೆ. ಅವರಿಗೆ ಸಿಟ್ಟು ಬಂತು. "ಗೋಡೆ ಪರೀಕ್ಷೆಗೆ ಅರ್ಧ ಗಂಟೆ ಬೇಕು. ಅದಕ್ಕೆ ನೂರು ರೂಪಾಯಿ ಕೇಳಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾನೆ. ನಿನ್ನ ಪುಸ್ತಕದಲ್ಲಿ ಆಗ ಏನು ಬರೀತೀಯ?" ಎಂದರು. ಆ ಮಾತು ಸುಳ್ಳಲ್ಲ. ಅಂಗಡಿ ಬಾಡಿಗೆ, ಇಬ್ಬರು ಹುಡುಗರ ಸಂಬಳ ಎಲ್ಲವೂ ಆ ಗಿರಾಕಿಗಳಿಂದಲೇ ಬರಬೇಕು. ಒಬ್ಬರೇ ಅಂಗಡಿಯವರು ಸರಿಯಾಗಿ ಕೆಲಸ ಮಾಡಿದರೆ ನಷ್ಟ ಅವರೊಬ್ಬರದೇ. ಹಾಗೆಂದು ಎಲ್ಲರೂ ಸುಮ್ಮನಿದ್ದರೆ ಚಾನೆಲ್ ರಸ್ತೆಯಲ್ಲಿ ಬೀಳುವವರು ಬೀಳುತ್ತಲೇ ಇರುತ್ತಾರೆ.

ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಎಲ್‌ಇಡಿ ಬೆಲೆಯಲ್ಲೇ ಪರೀಕ್ಷೆಯ ಕೂಲಿಯನ್ನೂ ಸೇರಿಸಿ 520 ಮಾಡುವುದು, ಬೇರೆಯಾಗಿ ಕೇಳದಿರುವುದು. ಎದುರಿನ ಗೋಡೆಯ ಮೇಲೆ ನಾನೇ ಗೆರೆ ಎಳೆದೆ. ಅಂದಿನಿಂದ ಬಂದ ಒಂಬತ್ತು ಜನರಲ್ಲಿ ಆರು ಮಂದಿ ಒಪ್ಪಿದರು, ಮೂವರು ಎದ್ದು ಹೋದರು. ಹೋದ ಮೂವರ ಲಾಭ ನಮಗೆ ತಪ್ಪಿತು, ಅದು ನಿಜ. ಹಳೆಯ ಹನ್ನೊಂದರಲ್ಲಿ ನಾಲ್ವರನ್ನು ಫೋನ್ ಮಾಡಿ ಕರೆಸಿ ಮಾಮು ದುಡ್ಡು ತೆಗೆದುಕೊಳ್ಳದೆ ಲೈಟು ಸರಿ ಮಾಡಿಕೊಟ್ಟರು. ಉಳಿದ ಏಳು ಹಾಗೆಯೇ ಓಡಾಡುತ್ತಿವೆ.

ಸ್ನೇಹಿತರೇ, ನಮ್ಮ ಕಾಲೇಜಿನಲ್ಲಿ ಹಳ್ಳಿಗಳಿಂದ ಬರುವವರು ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಟ್ರ್ಯಾಕ್ಟರ್ ಇದ್ದರೆ ಇವತ್ತು ರಾತ್ರಿ ಗೋಡೆಗೆ ಒಂದು ಗೆರೆ ಎಳೆದು ನೋಡಿ. ನಿಮ್ಮ ತಂದೆ ಅಥವಾ ಚಿಕ್ಕಪ್ಪ ಎಲ್‌ಇಡಿ ಹಾಕಿಸಲು ಹೊರಟರೆ ನೀವೂ ಜೊತೆಗೆ ಹೋಗಿ, "ಡಿಪ್ಪರ್ ತೋರಿಸಿ" ಎಂದು ಅಂಗಡಿಯವರನ್ನು ಕೇಳಿ. ಗಿರಾಕಿ ಕೇಳಿದರೆ ಅಂಗಡಿಯವರು ಮಾಡುತ್ತಾರೆ. ಮೂವರು ಎದ್ದು ಹೋದ ಅಂಗಡಿಯ ಲೆಕ್ಕ ಬರೆಯುವ ನನಗೆ ಇದು ಚೆನ್ನಾಗಿ ಗೊತ್ತು.

ಅಬ್ಬುವಿನ ಕೈ ಈಗ ಕೂಡಿಕೊಂಡಿದೆ. ಮೂಟೆ ಎತ್ತುವಾಗ ಮಾತ್ರ ಇನ್ನೂ ನೋವು ಬರುತ್ತದೆ. ಈಗಲೂ ಅದೇ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಬರುತ್ತಾರೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಮೊಪೆಡ್ ಬದಿಗೆ ನಿಲ್ಲಿಸಿ, ಅದು ದಾಟಿದ ಮೇಲೆ ಹೊರಡುತ್ತಾರೆ. ನಾನು ಮತ್ತು ಅಮ್ಮಿ ಬಾಗಿಲಲ್ಲಿ ಕಾಯುತ್ತಿರುತ್ತೇವೆ.