ತಾಡಪಾಲಿನ ಆಯುಷ್ಯ ಬರೆಯುವವರು ಯಾರು?

ಶಿಕಾರಿಪುರ, ಸೊರಬ ಸೀಮೆಯ ಅಂಬ್ಲಿಗೊಳದಂತಹ ಊರುಗಳು ಅತ್ತ ಪೂರ್ಣ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುವಷ್ಟು ತೇವ, ಬೇಸಿಗೆಯಲ್ಲಿ ಬಯಲಿನಷ್ಟೇ ಉರಿಬಿಸಿಲು. ಈ ಎರಡನ್ನೂ ತಡೆಯಲು ನಮ್ಮ ಹಿರಿಯರು ಸೋಗೆ, ಕರಡ, ಬಿದಿರು ತಟ್ಟಿಗಳನ್ನು ಬಳಸಿದರು. ಯಾವುದು ಎಷ್ಟು ಮಳೆಗಾಲ ತಾಳುತ್ತದೆ ಎಂಬುದು ಮನೆಮನೆಗೂ ತಿಳಿದಿತ್ತು. ತಾಳದೇ ಹೋದದ್ದು ಗೊಬ್ಬರದ ಗುಂಡಿಗೆ ಸೇರುತ್ತಿತ್ತು. ಇಂದು ಅಡಿಕೆ ಒಣಗಿಸುವ ಅಂಗಳದಿಂದ ಮೆಕ್ಕೆಜೋಳದ ರಾಶಿಯವರೆಗೆ, ಕೊಟ್ಟಿಗೆಯ ಮಾಡಿನಿಂದ ಶುಂಠಿ ಗದ್ದೆಯ ಬಿಡಾರದವರೆಗೆ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆ ಆವರಿಸಿದೆ. ಅದರ ಆಯುಷ್ಯ ಮಾತ್ರ ಕೊಂಡವರಿಗೂ ತಿಳಿಯದು, ಮಾರಿದವರಿಗೂ ತಿಳಿಯದು.

ಹಾಳೆಯ ಅಂಚಿನಲ್ಲಿ ‘ಯುವಿ ಸ್ಟೆಬಿಲೈಸ್ಡ್’ ಎಂದು ಅಚ್ಚಾಗಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳುವಂತೆ ರಕ್ಷಕ ದ್ರವ್ಯ ಬೆರೆಸಲಾಗಿದೆ ಎಂಬುದು ಅದರ ಅರ್ಥ. ಎಷ್ಟು ಬೆರೆಸಿದರು, ಎಷ್ಟು ಕಾಲಕ್ಕೆ ಸಾಕು ಎಂಬುದನ್ನು ಅದು ಹೇಳುವುದಿಲ್ಲ. ಅಷ್ಟು ಮಾತ್ರದ ಬರಹವನ್ನು ಭರವಸೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಇದನ್ನು ಅಳೆಯುವ ವಿದ್ಯೆ ಇಲ್ಲದಿಲ್ಲ. ವಸ್ತುವಿನ ತುಂಡನ್ನು ಪೆಟ್ಟಿಗೆಯಂತಹ ಯಂತ್ರದೊಳಗಿಟ್ಟು ಕೃತಕ ಬಿಸಿಲು, ಶಾಖ, ತೇವಗಳನ್ನು ಸರದಿಯಂತೆ ನೀಡುತ್ತಾರೆ. ಪ್ರಚಲಿತವಾದ ಒಂದು ವಿಧಾನದಲ್ಲಿ 60 ಡಿಗ್ರಿ ಶಾಖದಲ್ಲಿ 8 ಗಂಟೆ ಅತಿನೇರಳೆ ದೀಪ, ಅನಂತರ ದೀಪ ಆರಿಸಿ 50 ಡಿಗ್ರಿಯಲ್ಲಿ 4 ಗಂಟೆ ಇಬ್ಬನಿಯಂತೆ ನೀರು ಕೂರುವ ಹೊತ್ತು. ಈ ಸುತ್ತು ಹಗಲಿರುಳೂ ನಡೆಯುತ್ತದೆ. ಇನ್ನೊಂದು ವಿಧಾನದಲ್ಲಿ ಸೂರ್ಯನ ಬೆಳಕನ್ನು ಹೆಚ್ಚು ಹೋಲುವ ಝೆನಾನ್ ದೀಪವಿರುತ್ತದೆ. 102 ನಿಮಿಷ ಬರಿಯ ಬೆಳಕು, ಬಳಿಕ 18 ನಿಮಿಷ ಬೆಳಕಿನೊಡನೆ ನೀರಿನ ಸಿಂಪಡಣೆ. ಕೊನೆಗೆ ತುಂಡನ್ನು ಎಳೆದು ಹರಿದು, ಮೂಲಬಲದಲ್ಲಿ ಎಷ್ಟು ಪಾಲು ಉಳಿಯಿತೆಂದು ನೋಡುತ್ತಾರೆ. ಅರ್ಧಕ್ಕಿಂತ ಕಡಿಮೆಯಾದರೆ ವಸ್ತುವಿನ ಬಾಳು ಮುಗಿಯಿತೆಂದು ಗಣಿಸುವುದು ವಾಡಿಕೆ. ಪ್ಲಾಸ್ಟಿಕ್ ಪರೀಕ್ಷಿಸುವ ಸಿಪೆಟ್ ಸಂಸ್ಥೆಯ ಕೇಂದ್ರ ನಮ್ಮ ಮೈಸೂರಿನಲ್ಲಿಯೇ ಇದೆ. ಪಾಲಿಥಿಲೀನ್ ನೇಯ್ಗೆಯ ತಾಡಪಾಲಿಗೆ ಐಎಸ್ 7903 ಎಂಬ ಭಾರತೀಯ ಮಾನಕವೂ ಇದೆ.

ರಕ್ಷಣೆ ಸಾಧ್ಯವೆಂಬುದಕ್ಕೆ ಗುಡ್ಡದ ನೀರನ್ನು ತೋಟಕ್ಕೆ ತರುವ ಕಪ್ಪು ಪೈಪೇ ಸಾಕ್ಷಿ. ಐಎಸ್ 4984 ಮಾನಕದ ಪ್ರಕಾರ ಅದರಲ್ಲಿ ಸುಮಾರು ಶೇಕಡಾ 2.5ರಷ್ಟು ಇಂಗಾಲದ ಮಸಿ ಇರಬೇಕು. ಆ ಮಸಿ ಕಿರಣಗಳನ್ನು ತಾನೇ ಹೀರಿಕೊಂಡು ಒಳಗಿನ ಪದಾರ್ಥವನ್ನು ಕಾಯುತ್ತದೆ. ಮಾಡಿನ ಮೇಲೆ ಕೂರುವ ಸೌರಫಲಕವನ್ನು 85 ಡಿಗ್ರಿ ಶಾಖ, ಶೇಕಡಾ 85 ತೇವಾಂಶಗಳ ನಡುವೆ 1000 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ಸೌರಫಲಕ ಕೊಳ್ಳುವವನಿಗೆ ಸಲ್ಲುವ ಈ ಮರ್ಯಾದೆ ತಾಡಪಾಲು ಕೊಳ್ಳುವ ರೈತನಿಗೇಕೆ ಸಲ್ಲದು?

ಆದರೆ ಪರೀಕ್ಷೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದೂ ತರವಲ್ಲ. 1000 ಗಂಟೆ ಎಂದರೆ ಯಂತ್ರದೊಳಗೆ ಸುಮಾರು 42 ದಿನ. ಇದು ಹೊರಗಿನ ಇಷ್ಟು ವರ್ಷಕ್ಕೆ ಸಮವೆಂದು ಗುಣಿಸಿ ಹೇಳುವವರಿದ್ದಾರೆ. ಎಲ್ಲ ವಸ್ತುಗಳಿಗೂ ಎಲ್ಲ ಊರುಗಳಿಗೂ ಹೊಂದುವ ಅಂತಹ ಸೂತ್ರ ಯಾವುದೂ ಇಲ್ಲ. ಕೆಲವು ದೀಪಗಳು ಭೂಮಿಗೆ ತಲುಪುವ ಬಿಸಿಲಿನಲ್ಲಿ ಇಲ್ಲದ ಕಿರುತರಂಗಗಳನ್ನೂ ಸೂಸಿ, ಅವಸರದಲ್ಲಿ ತಪ್ಪು ತೀರ್ಪು ಕೊಡುವುದುಂಟು. ಎರಡು ಹಾಳೆಗಳಲ್ಲಿ ಯಾವುದು ಮೇಲೆಂದು ಹೇಳಲು ಯಂತ್ರ ನೆರವಾದೀತು, ಪಂಚಾಂಗ ನುಡಿಯಲಾರದು. ಬಯಲಿನಲ್ಲಿಟ್ಟು ನೋಡುವ ಪರೀಕ್ಷೆಗೆ ಜಗತ್ತಿನ ಕಾರ್ಖಾನೆಗಳು ಬಹುಕಾಲದಿಂದ ನೆಚ್ಚಿರುವುದು ಅಮೆರಿಕದ ಎರಡು ತಾಣಗಳನ್ನು: ಬಿಸಿಯೂ ತೇವವೂ ಕೂಡಿದ ದಕ್ಷಿಣ ಫ್ಲಾರಿಡಾ, ಬಿಸಿ ಮತ್ತು ಒಣಹವೆಯ ಅರಿಜೋನಾ. ನಾಲ್ಕು ತಿಂಗಳು ಮೋಡದಡಿ ನೆನೆದು ಅನಂತರ ಸುಡುವ ನಮ್ಮ ಸೀಮೆ ಇವೆರಡನ್ನೂ ಹೋಲುವುದಿಲ್ಲ.

ಇದಲ್ಲದೆ ತೋಟದ ಔಷಧದ ಲೆಕ್ಕವೊಂದಿದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಕುರಿತ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳನ್ನು ಹೊಕ್ಕದ್ದು ಅವರಿಂದ. ಅದಕ್ಕೂ ಮೊದಲಿನಿಂದ ರೈತರು ಮಳೆ ಹಿಡಿಯುವ ಮುನ್ನ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಆ ಕೊಟ್ಟೆಯ ಜಾಗಕ್ಕೆ ಮುಂದೆ ಪಾಲಿಥಿಲೀನ್ ಬಂದಿತು. ತಾಮ್ರವು ಈ ಜಾತಿಯ ಪ್ಲಾಸ್ಟಿಕ್‌ನ ಶಿಥಿಲತೆಯನ್ನು ಚುರುಕುಗೊಳಿಸುತ್ತದೆ. ಗಂಧಕವುಳ್ಳ ಔಷಧಗಳು ಹಾಳೆಯೊಳಗಿನ ರಕ್ಷಕವನ್ನೇ ನಿಷ್ಕ್ರಿಯಗೊಳಿಸುವುದು ಹಸಿರುಮನೆಗಳ ಅನುಭವದಿಂದ ಸಿದ್ಧವಾಗಿದೆ. ದೀಪ ಮತ್ತು ನೀರಷ್ಟೇ ಇರುವ ಯಂತ್ರಕ್ಕೆ ನಮ್ಮ ತೋಟದ ಈ ಸಂಗತಿ ಗೊತ್ತಾಗುವ ಬಗೆಯಿಲ್ಲ.

ಬಾಳು ಮುಗಿದ ಹಾಳೆ ಮಾಯವಾಗುವುದಿಲ್ಲ. ಅದು ಮೊದಲು ಎಳೆಎಳೆಯಾಗಿ, ಬಳಿಕ ಕೈಗೆ ಅಂಟುವ ಹುಡಿಯಾಗಿ ಗದ್ದೆಗೆ, ಹಳ್ಳಕ್ಕೆ ಇಳಿಯುತ್ತದೆ. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಹಾಳೆ ಹಾಸಿದ ಕೃಷಿಹೊಂಡಗಳನ್ನು ಪರಿಚಿತಗೊಳಿಸಿತು. ಇಂತಹ ಹೊಂಡಗಳಲ್ಲಿ ನೀರಿನಡಿಯ ಹಾಳೆ ಗಟ್ಟಿಯಾಗಿರುವಾಗಲೇ ಬಿಸಿಲಿಗೆ ತೆರೆದ ಅಂಚು ಹರಿಯುತ್ತದೆ. ಹುಡಿಯಾದದ್ದನ್ನು ಗುಜರಿಯವರೂ ಒಯ್ಯುವುದಿಲ್ಲ. ಆಯುವ ಶಕ್ತಿ ನಮಗಿರುವುದು ಹಾಳೆ ಇಡಿಯಾಗಿರುವ ತನಕ ಮಾತ್ರ. ಆದ್ದರಿಂದಲೇ ಅದು ಎಂದು ಒಡೆಯುತ್ತದೆಂಬ ಅರಿವು ಹಣದ ಪ್ರಶ್ನೆಯಷ್ಟೇ ಅಲ್ಲ, ಮಣ್ಣಿನ ಪ್ರಶ್ನೆಯೂ ಹೌದು.

ರೈತ ಸಂಪರ್ಕ ಕೇಂದ್ರಗಳ ಮೂಲಕ ರಿಯಾಯಿತಿ ದರದಲ್ಲಿ ತಾಡಪಾಲು ವಿತರಣೆಯಾಗುತ್ತದೆ. ಅದು ಸಾರ್ವಜನಿಕರ ಹಣ. ಯಾವ ದೀಪದಡಿ, ಎಷ್ಟು ಗಂಟೆ, ಉಳಿದ ಬಲವೆಷ್ಟು ಎಂಬ ಮೂರು ವಿವರಗಳು ಪ್ರತಿ ಹಾಳೆಯ ಮೇಲೂ ಕನ್ನಡದಲ್ಲಿ ಅಚ್ಚಾಗಿರಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಇಲಾಖೆಗೆ ಕಳುಹಿಸಲಿ. ಈ ವಿವರ ಅಚ್ಚು ಹಾಕಿದರೆ ಬೆಲೆ ಏರುತ್ತದೆಂಬ ವಾದ ಬರಬಹುದು. ಎರಡು ಬೇಸಿಗೆಗೊಮ್ಮೆ ಹೊಸದು ಕೊಳ್ಳುವವನ ಖರ್ಚನ್ನೂ ಆ ವಾದ ಮಾಡುವವರು ಲೆಕ್ಕಕ್ಕೆ ಹಿಡಿಯಲಿ.

ವಿದ್ಯಾರ್ಥಿಗಳು ಇಲಾಖೆಯ ಉತ್ತರಕ್ಕೆ ಕಾಯಬೇಕಿಲ್ಲ. ಮಳೆ ಹೊರಡುವ ದೀಪಾವಳಿಯ ಹೊತ್ತಿಗೆ ಶಾಲೆಯ ಬಯಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ಇಳಿಜಾರಾದ ಬಿದಿರಿನ ಚೌಕಟ್ಟೊಂದನ್ನು ನಿಲ್ಲಿಸಿ. ಊರಿನಲ್ಲಿ ದೊರೆಯುವ ಬಗೆಬಗೆಯ ಹೊಸ ಹಾಳೆಗಳಿಂದ ಒಂದೇ ಅಗಲದ ಪಟ್ಟಿಗಳನ್ನು ಒಂದೇ ದಿಕ್ಕಿನ ನೇಯ್ಗೆಯಲ್ಲಿ ಕತ್ತರಿಸಿ ಕಟ್ಟಿ. ಪ್ರತಿ ಬಗೆಯ ಕೆಲವನ್ನು ಕತ್ತಲ ಪೆಟ್ಟಿಗೆಯಲ್ಲಿಡಿ. ಕೆಲವು ಪಟ್ಟಿಗಳಿಗೆ ತೋಟದಲ್ಲಿ ಹೊಡೆಯುವ ದಿನವೇ ಬೋರ್ಡೋ ದ್ರಾವಣವನ್ನೂ ಸಿಂಪಡಿಸಿ. ತಿಂಗಳಿಗೊಮ್ಮೆ ಪ್ರತಿ ಬಗೆಯಿಂದ ಮೂರು ಪಟ್ಟಿ ಬಿಚ್ಚಿ, ಕೆಳಗೆ ಬಕೆಟ್ಟು ತೂಗುಹಾಕಿ, ಪಟ್ಟಿ ಹರಿಯುವವರೆಗೆ ನೀರು ಹೊಯ್ದು ತೂಕ ನೋಡಿ. ಕತ್ತಲಲ್ಲಿಟ್ಟ ಪಟ್ಟಿಗೂ ಹಾಗೆಯೇ ಮಾಡಿ. ಬಿಸಿಲಿನ ಪಟ್ಟಿ ಅದರ ಅರ್ಧ ಭಾರಕ್ಕೇ ಹರಿದ ತಿಂಗಳನ್ನು ಶಾಲೆಯ ಗೋಡೆಯ ಮೇಲೆ, ಹಾಳೆಯ ಬೆಲೆಯ ಪಕ್ಕದಲ್ಲಿ, ಪೇಟೆಗೆ ಹೋಗುವವರಿಗೆ ಕಾಣುವಂತೆ ಬರೆಯಿರಿ.